ಕೇಬಲ್ ಬಿಡದ ಕಾರು

ಜವಳಗೇರಾದ ನಮ್ಮ ಬಂಧುವೊಬ್ಬರು ನಸುಕಿನಲ್ಲಿ ತಾಯಿಯವರನ್ನು ರಾಯಚೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು. ವಿದ್ಯುತ್ ಕಾರು ಮಾತ್ರ ಚಾರ್ಜಿನ ಕೇಬಲನ್ನು ಬಿಡಲೊಲ್ಲದು. ಅವರು ಬಲವಾಗಿ ಜಗ್ಗತೊಡಗಿದರು.

ಜಗ್ಗಬಾರದು! ವಿದ್ಯುತ್ ಹರಿಯುವಾಗ ಪ್ಲಗ್ ಕಿತ್ತರೆ ಕಿಡಿ ಹಾರೀತೆಂದೇ ಕಾರಿನೊಳಗಿನ ಸಣ್ಣ ಮೊಳೆಯೊಂದು ಅದನ್ನು ಹಿಡಿದಿರುತ್ತದೆ. ಮೊದಲು ಚಾರ್ಜು ನಿಲ್ಲಿಸಿ, ಗೋಡೆಯ 15 ಆಂಪಿಯರ್ ಸ್ವಿಚ್ಚನ್ನು ಆರಿಸಬೇಕು. ಬಾಗಿಲುಗಳಿಗೆ ಒಮ್ಮೆ ಲಾಕ್ ಹಾಕಿ ತೆಗೆಯಬೇಕು. ಆಮೇಲೆ ಪ್ಲಗ್ಗನ್ನು ತುಸು ಒಳಕ್ಕೇ ಒತ್ತಿದರೆ ಮೊಳೆಯ ಬಿಗಿ ಸಡಿಲುತ್ತದೆ. (ನಮ್ಮ ಎರೆಭೂಮಿಯ ಧೂಳು ಅಲ್ಲಿ ಕೂಡುವುದೂ ಉಂಟು.) ಅದಕ್ಕೂ ಬಗ್ಗದಿದ್ದರೆ, ಹಲವು ಕಾರುಗಳಲ್ಲಿ ಕೈಯಿಂದ ಎಳೆದು ಬಿಡಿಸುವ ದಾರವಿರುತ್ತದೆ, ಅದರ ಜಾಗವನ್ನು ಕೈಪಿಡಿಯಲ್ಲಿ ಮುಂಚೆಯೇ ನೋಡಿಟ್ಟುಕೊಳ್ಳುವುದು ಲೇಸು.

ಅಂದು ಒಳಕ್ಕೊತ್ತಿದೊಡನೆ 'ಟಕ್' ಎಂದಿತು. ತಾಯಿಯವರು ಆಗಲೇ ಕಾರಿನಲ್ಲಿ ಕುಳಿತಿದ್ದರು.