ಮನೆಯ ದುರಸ್ತಿಯೂ ಮನೆಯ ಲೆಕ್ಕವೂ

ಮನೆಯ ಸಣ್ಣಪುಟ್ಟ ಕೆಲಸಗಳನ್ನು ನಾವೇ ಮಾಡಿಕೊಂಡರೆ ಹಣ ಉಳಿಯುತ್ತದೆಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಕೂಲಿಯ ಹಣ ಮನೆಯಲ್ಲೇ ಉಳಿಯಿತೆಂಬುದು ಇದಕ್ಕೆ ಅವರು ಕೊಡುವ ಕಾರಣ. ನಮ್ಮ ಅಭಿಪ್ರಾಯದಲ್ಲಿ ಇದು ಅರ್ಧ ಸತ್ಯ. ಲೆಕ್ಕವಿಲ್ಲದೆ ಆರಂಭಿಸಿದ ಕೆಲಸದಲ್ಲಿ ಕೂಲಿ ಉಳಿದರೂ ಸಾಮಾನು ಹಾಳಾಗುತ್ತದೆ. ಒಮ್ಮೊಮ್ಮೆ ಒಂದೇ ಕೆಲಸಕ್ಕೆ ಎರಡು ಸಲ ಹಣ ತೆರಬೇಕಾಗುತ್ತದೆ. ಸುತ್ತಿಗೆಗಿಂತ ಮೊದಲು ಕೈಗೆ ಬರಬೇಕಾದುವು ಕಾಗದ, ಪೆನ್ಸಿಲು ಮತ್ತು ಅಳತೆಯ ಪಾತ್ರೆ.

ಗೋವಿಂದರಾಜನಗರದ ನಮ್ಮ ಮನೆಯ ಉದಾಹರಣೆಯನ್ನೇ ಹೇಳುತ್ತೇವೆ. ಹಿತ್ತಿಲ ನಲ್ಲಿಯೊಂದು ಬಹುದಿನಗಳಿಂದ ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಲೋಟವನ್ನಿಟ್ಟು ಗಡಿಯಾರ ನೋಡಿದೆವು. 200 ಮಿಲಿಲೀಟರಿನ ಲೋಟ ಹದಿನೈದು ನಿಮಿಷಗಳಲ್ಲಿ ತುಂಬಿತು. ಎಂದರೆ ದಿನಕ್ಕೆ 19 ಲೀಟರಿಗೂ ಮೇಲು. ವರ್ಷಕ್ಕೆ ಸುಮಾರು 7,000 ಲೀಟರು! 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ನೀರಿಲ್ಲದೆ ತಳಮಳಿಸಿದಾಗ, ಐದು ಕಿಲೋಮೀಟರಿನೊಳಗೆ ತಂದುಕೊಡುವ 6,000 ಲೀಟರಿನ ಟ್ಯಾಂಕರಿಗೆ ಜಿಲ್ಲಾಡಳಿತವು 600 ರೂಪಾಯಿ ದರ ಗೊತ್ತುಮಾಡಿತ್ತು. ಒಂದು ಟ್ಯಾಂಕರಿಗಿಂತ ಹೆಚ್ಚು ನೀರನ್ನು ನಮ್ಮ ನಲ್ಲಿ ಸದ್ದಿಲ್ಲದೆ ಚರಂಡಿಗೆ ಕಳುಹಿಸುತ್ತಿತ್ತು.

ರೋಗದ ಮೂಲ, ನಲ್ಲಿಯೊಳಗಿನ ರಬ್ಬರಿನ ವಾಷರು. ತಿರುಗಿಸಿದಾಗಲೆಲ್ಲ ಒತ್ತಡಕ್ಕೆ ಸಿಕ್ಕಿ ಅದು ಗಡುಸಾಗಿ ಸವೆಯುತ್ತದೆ. ಆಮೇಲೆ ನೀರಿನ ದಾರಿಯನ್ನು ಪೂರ್ತಿಯಾಗಿ ಮುಚ್ಚಲಾರದು. ಹೊಸ ವಾಷರಿನ ಬೆಲೆ ಕೆಲವೇ ರೂಪಾಯಿ. ಆದರೆ ಉತ್ಸಾಹದಲ್ಲಿ ನಾವು ಗೇಟ್ ವಾಲ್ವನ್ನು ಮುಚ್ಚದೆಯೇ ನಲ್ಲಿಯನ್ನು ಬಿಚ್ಚಿದೆವು. ಮೇಲಿನ ತೊಟ್ಟಿಯ ನೀರೆಲ್ಲ ಹಿತ್ತಿಲಿಗೆ ಬಂದಿತು! ತಿಂಗಳುಗಟ್ಟಲೆ ಸೋರಬಹುದಾಗಿದ್ದ ನೀರನ್ನು ಅರ್ಧ ಗಂಟೆಯಲ್ಲಿ ಹರಿಯಬಿಟ್ಟ ಕೀರ್ತಿ ನಮ್ಮದಾಯಿತು.

ಲೆಕ್ಕ ಮೊದಲು, ಕೆಲಸ ಆಮೇಲೆ ಎಂಬುದಕ್ಕೆ ಉತ್ತಮ ನಿದರ್ಶನವು ನಮ್ಮ ನೆರೆಯ ವಿಜಯನಗರದಲ್ಲಿಯೇ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಗಳಾಗಿದ್ದ ಶ್ರೀ ಎ. ಆರ್. ಶಿವಕುಮಾರ್ ಅವರು 1995ರ ಸುಮಾರಿಗೆ ಅಲ್ಲಿ ಮನೆ ಕಟ್ಟಿಸಿದರು. ಜಲಮಂಡಳಿಯ ನೀರನ್ನು ಪಡೆಯದೆ ಎರಡು ದಶಕಗಳಿಗೂ ಮಿಕ್ಕಿ ಮಳೆಯ ನೀರಿನಿಂದಲೇ ಸಂಸಾರ ನಡೆಸಿದರು. ಅವರು ಮೊದಲು ಹಳೆಯ ಮಳೆಯ ದಾಖಲೆಗಳನ್ನು ತಿರುವಿಹಾಕಿದರು. ಮನೆಗೆ ದಿನಕ್ಕೆಷ್ಟು ನೀರು ಬೇಕು, ಒಂದು ಒಳ್ಳೆಯ ಮಳೆಗೂ ಮುಂದಿನದಕ್ಕೂ ಎಷ್ಟು ದಿನಗಳ ಅಂತರ ಬೀಳಬಹುದು ಎಂಬುದನ್ನು ಗುಣಿಸಿ ನೋಡಿ, ತೊಟ್ಟಿಗಳ ಗಾತ್ರವನ್ನು ನಿರ್ಧರಿಸಿದರು.

ಅದೇ ಕ್ರಮವನ್ನು ಚಿಕ್ಕ ಮನೆಗೂ ಅನ್ವಯಿಸಬಹುದು. ನಮ್ಮ ಬಡಾವಣೆಯಲ್ಲಿ 20 ಅಡಿ ಅಗಲ, 30 ಅಡಿ ಉದ್ದದ ನಿವೇಶನಗಳು ಹಲವಿವೆ. ಅಂಥ ಮನೆಯ ತಾರಸಿ ಹೆಚ್ಚೆಂದರೆ 55 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರು ನೀರಾಗುತ್ತದೆ. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರಿನಷ್ಟು. ಐದರಲ್ಲೊಂದು ಪಾಲು ಆವಿಯಾಗಿ, ಚೆಲ್ಲಿ ಹೋಯಿತೆಂದುಕೊಂಡರೂ ವರ್ಷಕ್ಕೆ 42,000 ಲೀಟರು ದೊರೆಯಬೇಕು.

ಈ ಸಂಖ್ಯೆಯನ್ನು ಕಂಡೊಡನೆ 200 ಲೀಟರಿನ ಡ್ರಮ್ಮನ್ನು ಕೊಳ್ಳಲು ಓಡಬಾರದು. 20 ಮಿಲಿಮೀಟರಿನ ಒಂದು ಮಳೆಗೇ ಆ ತಾರಸಿಯ ಮೇಲೆ 1,100 ಲೀಟರು ಬೀಳುತ್ತದೆ. ಡ್ರಮ್ಮಿನಲ್ಲಿ ನಿಲ್ಲುವುದು ಅದರ ಅಲ್ಪಾಂಶ ಮಾತ್ರ. ಮನೆಯಲ್ಲಿ ಈಗಾಗಲೇ ಸಂಪು ಇದ್ದರೆ, ತಾರಸಿಯ ಕೊಳವೆಯನ್ನು ಒಂದು ಶೋಧಕದ ಮೂಲಕ ಅದಕ್ಕೆ ತಿರುಗಿಸುವುದೇ ಮಿತವ್ಯಯದ ದಾರಿ. ಮೊದಲ ಮಳೆಯ ಕೊಳೆನೀರನ್ನು ಹೊರಕ್ಕೆ ಬಿಡಬೇಕು. ಸಂಪಿನ ನೀರನ್ನು ಕುಡಿಯುವುದಾದರೆ ಕುದಿಸಿಯೇ ಕುಡಿಯಬೇಕು. ಟ್ಯಾಂಕರಿನ ನೀರನ್ನು ಕೊಳ್ಳುವ ಮನೆಗೆ ಈ ಖರ್ಚು ಬೇಗ ಹಿಂದಿರುಗುತ್ತದೆ. ಅಗ್ಗವಾದ ನಲ್ಲಿಯ ನೀರು ಸಾಕಷ್ಟು ಬರುವ ಮನೆಗೆ ನಿಧಾನವಾಗಿ ಹಿಂದಿರುಗುತ್ತದೆ. ಒಂದೇ ಕೆಲಸ, ಎರಡು ಮನೆಗಳಲ್ಲಿ ಎರಡು ಲೆಕ್ಕ.

ಇನ್ನು, ಎಲ್ಲ ಕೆಲಸವೂ ನಮ್ಮ ಕೈಗೆ ತಕ್ಕದ್ದಲ್ಲ. ವಿದ್ಯುತ್ ತಂತಿಯ ಜೋಡಣೆ, ಗೋಡೆ ಒಡೆಯುವುದು, ಸಂಪಿನೊಳಕ್ಕೆ ಇಳಿಯುವುದು, ಇವುಗಳಿಗೆ ಎಂದಿಗೂ ಕೈಹಾಕಬಾರದು. ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಾಗಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಇಳಿದವನು ಕೂಗುವ ಮೊದಲೇ ಎಚ್ಚರ ತಪ್ಪಬಹುದು. ಇಂಥಲ್ಲಿ ಪಳಗಿದ ಕೆಲಸಗಾರನಿಗೆ ಕೊಡುವ ಕೂಲಿ ದುಂದುವೆಚ್ಚವಲ್ಲ. ಒಮ್ಮೆ ಕೈಯಾರೆ ನಲ್ಲಿ ಬಿಚ್ಚಿ ನೋಡಿದವನು ಆ ಕೂಲಿಗಾಗಿ ಚೌಕಾಶಿ ಮಾಡಲು ಹಿಂಜರಿಯುತ್ತಾನೆ. ಇದೂ ಒಂದು ಲಾಭವೇ.

ನಮ್ಮ ವಿದ್ಯಾರ್ಥಿಗಳು ಘನಫಲದ ಸೂತ್ರವನ್ನು ಪರೀಕ್ಷೆಗಾಗಿ ಕಲಿಯುತ್ತಾರೆ. ತಮ್ಮ ಮನೆಯ ಸಂಪಿನಲ್ಲಿ ಎಷ್ಟು ಲೀಟರು ಹಿಡಿಯುತ್ತದೆಂದು ಕೇಳಿದರೆ ತಂದೆಯ ಮುಖ ನೋಡುತ್ತಾರೆ. ಇದು ಅವರ ತಪ್ಪಲ್ಲ. ಅಳೆದು ನೋಡೆಂದು ನಾವು ಹೇಳಿದ್ದೇ ಇಲ್ಲ. ಬರುವ ಭಾನುವಾರ ಸೋರುವ ನಲ್ಲಿಯೊಂದರ ಕೆಳಗೆ ಲೋಟವನ್ನಿಟ್ಟು ಗಡಿಯಾರ ನೋಡಿ, ಬಂದ ಸಂಖ್ಯೆಯನ್ನು ಗೋಡೆಯ ಪಂಚಾಂಗದಲ್ಲಿ ಬರೆದಿಡಿರಿ. ವಾಷರನ್ನು ಬದಲಾಯಿಸುವುದು ಆಮೇಲಿನ ಮಾತು. ಗೇಟ್ ವಾಲ್ವನ್ನು ಮಾತ್ರ ಮರೆಯದೆ ಮುಚ್ಚಿರಿ.