ಅಜ್ಜನ ಲೆನ್ಸು, ಮೈಲಾರದ ಗೊರವಯ್ಯ

ಮಕ್ಕಳೇ, ಕಳೆದ ದೀಪಾವಳಿಗೆ ಅಟ್ಟ ಗುಡಿಸುವಾಗ ನನ್ನ ಮೊಮ್ಮಗಳ ಕೈಗೆ ಹಳೆಯ ಚರ್ಮದ ಚೀಲವೊಂದು ಸಿಕ್ಕಿತು. ಒಳಗೆ ನನ್ನ ಜೆನಿತ್ ಕ್ಯಾಮೆರಾ! ಅದರ ಶಟರ್ ಕೆಟ್ಟು ಎಷ್ಟೋ ವರ್ಷಗಳಾಗಿವೆ. "ಗುಜರಿಗೆ ಹಾಕೋಣವಾ ಅಜ್ಜ?" ಎಂದಳು. ನಾನು ಮುಂದಿನ ಲೆನ್ಸನ್ನು ತಿರುಪಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. "ದೇಹ ಹೋಗಿದೆ, ಕಣ್ಣು ಚೆನ್ನಾಗಿದೆ" ಎಂದೆ.

ಆ ಲೆನ್ಸಿನ ಹೆಸರು ಹೀಲಿಯೋಸ್. ಗ್ರೀಕರ ಸೂರ್ಯದೇವನ ಹೆಸರದು. ಸೋವಿಯತ್ ರಷ್ಯಾದಲ್ಲಿ ತಯಾರಾದದ್ದು. ಒಳಗೆ ಆರು ಗಾಜುಗಳಿವೆ, ಬ್ಯಾಟರಿ ಇಲ್ಲ, ತಂತಿಯೂ ಇಲ್ಲ. ಒಂದು ಬಳೆ ತಿರುಗಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಇನ್ನೊಂದು ತಿರುಗಿಸಿದರೆ ಬೆಕ್ಕಿನ ಕಣ್ಣಿನ ಪಾಪೆಯ ಹಾಗೆ ಒಳಗಿನ ಕಿಂಡಿ ಹಿರಿದು ಕಿರಿದಾಗುತ್ತದೆ.

ಮೊಮ್ಮಗಳಿಗೆ ಒಂದು ಆಟ ತೋರಿಸಿದೆ. ಕೋಣೆ ಕತ್ತಲು ಮಾಡಿ ಒಂದೇ ಕಿಟಕಿ ತೆರೆದೆ. ಲೆನ್ಸಿನ ಹಿಂದೆ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಬಿಳಿ ಕಾಗದ ಹಿಡಿದೆ. ಹೊರಗಿನ ಬೇವಿನ ಮರ ಕಾಗದದ ಮೇಲೆ ಬಣ್ಣಬಣ್ಣವಾಗಿ ಬಂದು ನಿಂತಿತು, ಆದರೆ ತಲೆಕೆಳಗಾಗಿ! ನಮ್ಮ ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ರಾಜಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದಲ್ಲ, ಅದೂ ಇದೇ ಲೆಕ್ಕ. ಅಲ್ಲಿ ಲೆನ್ಸಿಲ್ಲ, ಬರೀ ಕಿಂಡಿ. ಬೆಳಕು ನೇರವಾಗಿ ಸಾಗುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬೀಳುತ್ತದೆ.

"ಇದನ್ನ ಅಪ್ಪನ ಪುಟ್ಟ ಡಿಜಿಟಲ್ ಕ್ಯಾಮೆರಾಕ್ಕೆ ಹಾಕಬಹುದಾ?" ಎಂದು ಕೇಳಿದಳು. ಹಾಕಬಹುದು. ಈ ಲೆನ್ಸು ಕೂರುವ ಜಾಗದಿಂದ ಫಿಲ್ಮಿಗೆ 45.5 ಮಿಲಿಮೀಟರ್ ದೂರವಿರಬೇಕು. ಹಳೆಯ ಕ್ಯಾಮೆರಾದಲ್ಲಿ ನಡುವೆ ಕನ್ನಡಿ ಇತ್ತು, ಅದಕ್ಕೇ ಅಷ್ಟು ಜಾಗ. ಹೊಸದರಲ್ಲಿ ಕನ್ನಡಿಯೇ ಇಲ್ಲ, ದೂರ ಸುಮಾರು 18 ಮಿಲಿಮೀಟರ್. ಕಳೆದು ನೋಡಿ: ಉಳಿದದ್ದು 27.5. ಅಷ್ಟು ಉದ್ದದ ಲೋಹದ ಬಳೆಯೊಂದನ್ನು ನಡುವೆ ತಿರುಪಿದರೆ ಆಯಿತು. ಅದಕ್ಕೆ ಅಡಾಪ್ಟರ್ ಎನ್ನುತ್ತಾರೆ.

ಮೊದಲ ದಿನ ಕ್ಯಾಮೆರಾ "ಲೆನ್ಸ್ ಇಲ್ಲ" ಎಂದು ಹಟ ಹಿಡಿಯಿತು. ಪಾಪ, ತಂತಿಯಿಲ್ಲದ ಲೆನ್ಸು ಅದಕ್ಕೆ ಕಾಣುವುದೇ ಇಲ್ಲ! ಮೊಮ್ಮಗಳು ಮೆನು ಜಾಲಾಡಿ, ಲೆನ್ಸ್ ಇಲ್ಲದಿದ್ದರೂ ಚಿತ್ರ ತೆಗೆ ಎಂಬ ಆಯ್ಕೆ ಹುಡುಕಿದಳು. ಸ್ಪಷ್ಟವಾದ ಅಂಚುಗಳಿಗೆ ಕೆಂಪು ಗೆರೆ ತೋರಿಸುವ ಸೌಲಭ್ಯವನ್ನೂ ಹಚ್ಚಿಕೊಟ್ಟಳು. ಪೊರೆ ತೆಗೆಸಿಕೊಂಡ ನನ್ನ ಕಣ್ಣಿಗೆ ಅದು ಊರುಗೋಲೇ ಆಯಿತು.

ಭರತ ಹುಣ್ಣಿಮೆಯ ಜಾತ್ರೆಗೆ ಇಬ್ಬರೂ ಮೈಲಾರಕ್ಕೆ ಹೋದೆವು. ಕಾರ್ಣಿಕದ ಸಂಜೆ ಜನಸಾಗರ. ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದದ್ದೇ ತಡ, ಅಷ್ಟು ದೊಡ್ಡ ಜಾತ್ರೆ ಗಪ್‌ಚಿಪ್! ನಾನು ಬಳೆ ತಿರುಗಿಸುತ್ತಲೇ ಇದ್ದೆ. ಕೆಂಪು ಗೆರೆ ಮುಂದಿನವರ ರುಮಾಲಿನ ಮೇಲೆ ಬಂತು, ಹಿಂದಿನ ಮರದ ಮೇಲೆ ಬಂತು. ಗೊರವಯ್ಯನ ಮೇಲೆ ಬರುವಷ್ಟರಲ್ಲಿ ಆತ ನುಡಿ ಹೇಳಿ ಕೆಳಗೆ ಬಿದ್ದಾಗಿತ್ತು, ಭಕ್ತರು ಕೈಯೊಡ್ಡಿ ಹಿಡಿದೂ ಆಗಿತ್ತು. ಚಿತ್ರದಲ್ಲಿ ಬರೀ ಮಬ್ಬು. ಮೊಮ್ಮಗಳು ಹೊಟ್ಟೆ ಹಿಡಿದು ನಕ್ಕಳು.

ಮರುದಿನ ಬೆಳಿಗ್ಗೆ ದೇವಸ್ಥಾನದ ಬಳಿ ವಯಸ್ಸಾದ ಗೊರವಯ್ಯನೊಬ್ಬ ಕೂತಿದ್ದ. ಕರಿ ಕಂಬಳಿ, ಕರಡಿ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರುಗ, ಹಣೆ ತುಂಬ ಭಂಡಾರ. "ಒಂದು ಚಿತ್ರ ತೆಗೆಯಲಾ?" ಎಂದು ಕೇಳಿದೆ. "ತಗೀರಿ" ಎಂದ. ನಾನು ನಿಧಾನವಾಗಿ ಬಳೆ ತಿರುಗಿಸಿದೆ. ಆತನೂ ನಿಧಾನವಾಗಿ ಕೂತೇ ಇದ್ದ. ಈ ಲೆನ್ಸಿನಲ್ಲಿ ಕದ್ದು ತೆಗೆಯಲು ಆಗುವುದಿಲ್ಲ ಮಕ್ಕಳೇ, ಎದುರಿನವರೂ ಒಪ್ಪಿ ಕೂರಬೇಕು. ಕೊನೆಗೆ ಕೆಂಪು ಗೆರೆ ಆತನ ರೆಪ್ಪೆಯ ಮೇಲೆ ಬಂತು. ಕ್ಲಿಕ್!

"ಫೋಟೋ ತಂದು ಕೊಡ್ತೀನಿ" ಎಂದೆ. ಆತ ನಕ್ಕ. "ಎಲ್ರೂ ಹಂಗ ಅಂತಾರ್ರೀ. ಹೊಡ್ಕೊಂಡು ಹೋದೋರು ಹೊಳ್ಳಿ ಬರಂಗಿಲ್ಲ."

ನನ್ನ ಬಾಯಿ ಕಟ್ಟಿತು. ಇದೇ ಲೆನ್ಸಿನಲ್ಲಿ, ಇದೇ ಜಾತ್ರೆಯಲ್ಲಿ, ಹರೆಯದಲ್ಲಿ ಎಷ್ಟು ಜನರ ಚಿತ್ರ ತೆಗೆದಿದ್ದೆ! ಬಳೆ ಮಾರುವ ತಾಯಿ, ಎತ್ತು ಹಿಡಿದ ಹುಡುಗ. ಎಲ್ಲರಿಗೂ "ಕೊಡ್ತೀನಿ" ಅಂದವನೇ. ಒಬ್ಬರಿಗೂ ಕೊಟ್ಟಿರಲಿಲ್ಲ. ಅವರ ಊರು ಕೇಳಿರಲಿಲ್ಲ, ಹೆಸರೂ ಕೇಳಿರಲಿಲ್ಲ. ಇದನ್ನೆಲ್ಲ ಬಸ್ಸಿನಲ್ಲಿ ಮೊಮ್ಮಗಳಿಗೆ ಹೇಳಿದೆ. ಅವಳು ನಗಲಿಲ್ಲ. "ಇವರಿಗಾದರೂ ಕೊಡೋಣ ಅಜ್ಜ" ಎಂದಳು.

ಮುಂದಿನ ಭಾನುವಾರ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಮತ್ತೆ ಹೋದೆವು. ಗೊರವಯ್ಯ ಅಲ್ಲೇ ಇದ್ದ. ಚಿತ್ರವನ್ನು ಹತ್ತಿರ ಹಿಡಿದ, ದೂರ ಹಿಡಿದ. ಹಿಂದಿನ ಹಳದಿಯೆಲ್ಲ ಸುಳಿಯಂತೆ ಕರಗಿತ್ತು, ಮುಖದ ಒಂದೊಂದು ಗೆರೆಯೂ ಕಾಣುತ್ತಿತ್ತು. "ನಮ್ಮಪ್ಪನಂಗ ಕಾಣ್ತೀನಲ್ರೀ" ಎಂದ. ಆಮೇಲೆ ಇಬ್ಬರ ಹಣೆಗೂ ಭಂಡಾರ ಹಚ್ಚಿದ. ಮೊಮ್ಮಗಳು ಆತನ ಹೆಸರು, ಊರು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಅಜ್ಜ ಅಜ್ಜಿಯರೇ, ನಿಮ್ಮ ಅಟ್ಟದಲ್ಲೂ ಇಂಥ ಕಣ್ಣೊಂದು ಮಲಗಿರಬಹುದು. ಗಾಜಿನೊಳಗೆ ಬೂಷ್ಟು ಜೇಡರ ಬಲೆಯಂತೆ ಹಬ್ಬಿದೆಯೇ ನೋಡಿ. ಧೂಳನ್ನು ಉಜ್ಜಬೇಡಿ, ರಬ್ಬರ್ ಬುರುಡೆಯಿಂದ ಗಾಳಿ ಊದಿ. ಮಕ್ಕಳೇ, ಲೆನ್ಸಿನ ಮೂಲಕ ಸೂರ್ಯನನ್ನು ಮಾತ್ರ ಎಂದೂ ನೋಡಬೇಡಿ, ಕಣ್ಣು ಸುಟ್ಟೀತು. ಮತ್ತೆ ಯಾರಿಗಾದರೂ "ಫೋಟೋ ಕೊಡ್ತೀನಿ" ಎಂದರೆ, ಮೊದಲು ಅವರ ಹೆಸರು ಬರೆದುಕೊಳ್ಳಿ.