ಮರಿ ಜೇಡಕ್ಕೆ ಯಾವ ಹುಳ?

ಟರಾಂಟುಲ ಎಂಬ ದೊಡ್ಡ ರೋಮಜೇಡವನ್ನು ಸಾಕುವ ಹವ್ಯಾಸ ಕೆಲವರಿಗುಂಟು. ನನ್ನಲ್ಲಿಯೂ ಕಡಲೆಕಾಳಿನಷ್ಟು ಮರಿಯೊಂದಿತ್ತು. ಅದಕ್ಕೇನು ತಿನ್ನಿಸಲೆಂದು ಕೇಳಿದರೆ ಗೆಳೆಯರ ಉತ್ತರ ಒಂದೇ: “ಕಬ್ಬಿನ ಬದುವಿಗೆ ಹೋಗು, ಬೇಕಾದಷ್ಟು ಮಿಡತೆ!”

ಈ ಸಲಹೆ ಸರಿಯಲ್ಲವೆಂದು ನನ್ನ ಮತ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುವದು ವಾಡಿಕೆ. ಸಾಯದೆ ಉಳಿದ ಹುಳದ ಮೈಯಲ್ಲಿಯೂ ವಿಷವಿರಬಹುದು. ಅದು ಜೇಡವನ್ನೂ ಕೊಂದೀತು. ಆದುದರಿಂದ ಡಬ್ಬಿಯಲ್ಲಿ ಗೋದಿಯ ತೌಡು, ಗಜ್ಜರಿಯ ಚೂರು ಹಾಕಿ ಬೆಳೆಸಿದ ಹಿಟ್ಟಿನ ಹುಳವೇ ಲೇಸು. ಮನೆಯಲ್ಲಿ ಸಾಕಿದ ಚಿಮ್ಮಂಡೆಯ ಮರಿಯೂ ಆದೀತು. ಹುಳ ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು. ತೀರ ಎಳೆಯ ಮರಿಗೆ ಕೊಂದ ಹುಳದ ತುಂಡೇ ಸಾಕು.

ಇನ್ನೊಂದು ಮಾತನ್ನು ನಾನು ಕಳೆದುಕೊಂಡು ಕಲಿತೆ. ಪೊರೆ ಬಿಡುವಾಗ ಜೇಡ ಅಂಗಾತ ಮಲಗುತ್ತದೆ. ಹೊಸ ಮೈ ಗಟ್ಟಿಯಾಗುವವರೆಗೆ ಅದು ಏನನ್ನೂ ತಿನ್ನದು, ತನ್ನನ್ನೂ ಕಾಯ್ದುಕೊಳ್ಳದು. ಅಂಥದೊಂದು ರಾತ್ರಿ ಜೀವಂತ ಚಿಮ್ಮಂಡೆಯನ್ನು ಡಬ್ಬಿಯಲ್ಲಿಯೇ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಚಿಮ್ಮಂಡೆಯೇ ಜೇಡವನ್ನು ತಿಂದಿತ್ತು! ತಪ್ಪು ಚಿಮ್ಮಂಡೆಯದಲ್ಲ, ನನ್ನದು.

ಸಹಪಾಠಿಗಳೇ, ಡಬ್ಬಿಯೊಳಗಿನ ಜೀವಿ ತನ್ನ ಆಹಾರವನ್ನು ತಾನೇ ಆರಿಸಲಾರದು. ಅದರ ಪರವಾಗಿ ಆರಿಸುವ ಹೊಣೆ ಸಾಕುವವನದು. ಅಷ್ಟು ತಾಳ್ಮೆಯಿಲ್ಲದವರು ಸಾಕದಿರುವದೇ ಒಳಿತು.